ಕೈ ಮಾತ್ರ

ಮಂಗಳವಾರ ರಾತ್ರಿ ಎಂಟಕ್ಕೆ
ಅರ್ಧ ಇಸ್ತಾಂಬುಲ್ ನನ್ನ ಕೈ ನೋಡುತ್ತದೆ.
ಮುಖ ನನ್ನದಲ್ಲ.
ಮುಖ ಬೆಲ್ಕಿಸ್ ಹಾನಿಮ್ ಅವರದು.
ಧಾರಾವಾಹಿಯಲ್ಲಿ ಅವರು ಮೆಲೀಹಾ,
ಮೂರು ತಲೆಮಾರಿನ ಉಡುಪಿನ ಮನೆತನದ ಯಜಮಾನಿ.
ಮೊದಲ ಕಂತಿನಲ್ಲೇ ಗಂಡ, ಮಗ ಇಬ್ಬರೂ
ಬೋಲು ಘಾಟಿಯ ಮಂಜಿನಲ್ಲಿ ಕಾರಿನ ಸಮೇತ ಹೋದರು.
ಉಳಿದದ್ದು ನಲವತ್ತು ಹೊಲಿಗೆಯಂತ್ರ, ಬ್ಯಾಂಕಿನ ಸಾಲ,
ಸಹಿಗೆ ಪೆನ್ನು ಹಿಡಿದೇ ನಿಂತ ಒಬ್ಬ ಮೈದುನ.

ಆಕೆ ಅತ್ತರೆ ಊರಿನ ಚಹಾ ಲೋಟದಲ್ಲೇ ಆರುತ್ತದೆ.
ಆದರೆ ಸೂಜಿಗೆ ದಾರ ಪೋಣಿಸಲು ಬಾರದು ಪಾಪ.
ಆಗ ಕ್ಯಾಮೆರಾ ಕೆಳಗಿಳಿಯುತ್ತದೆ,
ಆಗ ನಾನು:
ಅಘಾವ್ನಿ, ಕುರ್ತುಲುಶ್‌ನವಳು, ಅರವತ್ತೊಂದು,
ಸಂಬಳ ಮೊಣಕೈಯಿಂದ ಕೆಳಕ್ಕೆ.

ಆಕೆಯ ಉಂಗುರ ನನಗೆ ಸಡಿಲ, ಒಳಗೆ ಹತ್ತಿ ತುರುಕುತ್ತಾರೆ.
ಮೇಕಪ್ಪಿನ ಹುಡುಗಿ ನನ್ನ ಕಲೆಗಳನ್ನೆಲ್ಲ ಬಳಿದು ಮುಚ್ಚುತ್ತಾಳೆ,
ಇಸ್ತ್ರಿ ಸುಟ್ಟದ್ದು, ಬಣ್ಣದ ಹಂಡೆ ಸಿಡಿದದ್ದು.
ಹೆಬ್ಬೆರಳ ಬುಡದ್ದೊಂದನ್ನು ಮಾತ್ರ
'ಇದಿರಲಿ ಅಜ್ಜಿ, ನಿಜ ಅನ್ನಿಸುತ್ತೆ' ಅಂದಳು.
ನಿಜವೇ.
ಅದು ಆರು ವರ್ಷದ ಮಾರಲ್ ಮೇಜಿನಡಿ ಕೂತು
ದೊಡ್ಡ ಕತ್ತರಿಯಲ್ಲಿ ಆಟವಾಡಿದ ದಿನದ್ದು.

ಇನ್ನೂರ ಹದಿನಾಲ್ಕನೆಯ ದೃಶ್ಯ.
ಮೆಲೀಹಾ ಒಂಟಿಯಾಗಿ ಬಿಳಿ ರೇಷ್ಮೆ ಕತ್ತರಿಸಬೇಕು.
ನಿರ್ದೇಶಕ ಟಾಯ್ಲಾನ್ ಮಂಡಿಯೂರಿ ಕೂತು ಪಿಸುಗುಟ್ಟಿದ:
'ಕೈಯಿಂದಲೇ ಅಳಬೇಕಮ್ಮ, ಬೆರಳು ನಡುಗಲಿ.'

ನಡುಗಿದರೆ ರೇಷ್ಮೆ ಹಾಳು ಮಗನೇ, ಅಂದೆ.

ಬಸ್ಮಾಜ್ಯಾನರ ಮನೆಯಲ್ಲಿ ಯಾರ ಬೆರಳೂ ನಡುಗಲಿಲ್ಲ.
ಮಾರಲ್ ಬುಧವಾರ ಹೋದಳು. ಶುಕ್ರವಾರ ಮಣ್ಣು.
ಶನಿವಾರ ಬೆಳಿಗ್ಗೆ ಯೆಶಿಲ್‌ಕ್ಯೋಯ್‌ನಿಂದ ಮದುಮಗಳು ಬಂದು
ಮೆಟ್ಟಿಲ ಮೇಲೆಯೇ ನಿಂತಳು, ಒಳಗೆ ಬರಲೋ ಬೇಡವೋ ಎಂದು.
ಹಮ್ಪಾರ್ ಯಜಮಾನರು ಕೈ ತೊಳೆದರು, ಕೋಟು ತೆಗೆದರು,
ಒಂದು ಹಿಡಿ ಗುಂಡುಸೂಜಿ ಬಾಯಲ್ಲಿ ಕಚ್ಚಿದರು.
ಗುಂಡುಸೂಜಿ ಕಚ್ಚಿದವನನ್ನು ಯಾರೂ ಮಾತಾಡಿಸುವುದಿಲ್ಲ.
ಅಂದಿನಿಂದ ಒಂಬತ್ತು ತಿಂಗಳು
ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆ ಕಚ್ಚುತ್ತಿದ್ದರು,
ದೀಪ ಆರಿಸಿದ ಮೇಲೆ ಉಗುಳುತ್ತಿದ್ದರು.
ಆಮೇಲೆ ಮನೆ ಮಾರಿದರು.
ಈಗ ಅಲ್ಲಿ ಮೊಬೈಲಿನ ಕವಚ ಸಿಗುತ್ತದೆ, ಎಲ್ಲ ಬಣ್ಣದಲ್ಲೂ.

ಟಾಯ್ಲಾನ್‌ಗೆ ಹೇಳಿದೆ, ಬಾಯಿಗೆ ಸೂಜಿ ಕೊಡು ಮೆಲೀಹಾಗೆ.
'ಆ ತುಟಿಗೆ ವಿಮೆ ಇದೆ, ಬೇಡ' ಎಂದ.
ಹಾಗಾದರೆ ಕೈ ಮಾತ್ರ.

ದೀಪ ಬಂತು. ಎಲ್ಲರೂ ಸುಮ್ಮನಾದರು.
ಟೇಪು ಮುಟ್ಟದೆ ಸೀಮೆಸುಣ್ಣ ಎಳೆದೆ,
ಭುಜ, ತೋಳು, ಸೊಂಟ,
ನಿಂತ ನೀರಿನಲ್ಲಿ ದೋಣಿ ಹೋದ ಹಾಗೆ ಕತ್ತರಿ ಹೋಯಿತು.
ಒಂದೇ ಸಲಕ್ಕೆ ಮುಗಿಯಿತು. ಚಪ್ಪಾಳೆ ಹೊಡೆದರು.

ಉಡುಪಿನ ವಿಭಾಗದ ಹುಡುಗಿ ತುಂಡುಗಳನ್ನು ಗೊಂಬೆಗೆ ಇಟ್ಟು ನೋಡಿದಳು.
ಸೇರಲಿಲ್ಲ. ಎಲ್ಲ ಕಡೆಯೂ ಗೇಣು ಗೇಣು ಕಮ್ಮಿ.
'ಯಾರ ಅಳತೆ ಅಜ್ಜಿ ಇದು?'
ಕೈ ತಪ್ಪಿತು ಕಣೇ, ಅಂದೆ.
ಹದಿನೇಳು ವರ್ಷವಾದರೂ ಕೈಗೆ ಯಾರೂ ಹೇಳಿರಲಿಲ್ಲ
ಅಳತೆಯ ಪುಸ್ತಕ ಮುಚ್ಚಿತು ಎಂದು.

ಕಂತು ಪ್ರಸಾರವಾದ ರಾತ್ರಿ ಹತ್ತೂವರೆಗೆ ಫೋನು.
ಯೆದಿಕುಲೆಯ ವೃದ್ಧಾಶ್ರಮದಿಂದ ವೆರ್ಜಿನ್, ಮಾರಲ್‌ಳ ತಾಯಿ,
ಅರ್ಧ ಹಗಲು ತನ್ನ ಹೆಸರೇ ನೆನಪಿರದವಳು.
ನಮಸ್ಕಾರವಿಲ್ಲ, ಕ್ಷೇಮವಿಲ್ಲ.
ಹಿಂದೆ ಟಿವಿಯಲ್ಲಿ ಮೆಲೀಹಾ ಇನ್ನೂ ಬಿಕ್ಕುತ್ತಿದ್ದಳು.

'ಕೊರಳು ಅರ್ಧ ಬೆರಳು ಅಗಲ ಬಿಟ್ಟೆಯಲ್ಲೇ ಅಘಾವ್ನಿ,
ಅವಳಿಗೆ ಚಳಿ.'